ಪಡುವಣ ಗೋಡೆಗೆ ಹೊಟ್ಟು ತುಂಬಿದವರು

ಮನುಷ್ಯ ಗೋಡೆ ಕಟ್ಟಲು ಕಲಿತ ದಿನವೇ ನಾಗರಿಕತೆ ಹುಟ್ಟಿತೆಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಯಾರೂ ಹಿರೋಡೆಯಲ್ಲಿ ಬೇಸಗೆ ಕಳೆದವರಲ್ಲ. ನಮ್ಮ ಊರಿನಲ್ಲಿ ಗೋಡೆ ಎಂದರೆ ಮಧ್ಯಾಹ್ನದ ಬಿಸಿಲನ್ನೆಲ್ಲ ಕುಡಿದು, ಅರಗಿಸಿಕೊಂಡು, ಸಂಜೆ ನಾವು ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಮನೆಯೊಳಗೆ ಬಡಿಸುವ ಒಂದು ಏರ್ಪಾಟು. ಸರ್ಕಾರಿ ಕಾಗದದಲ್ಲಿ ಊರಿನ ಹೆಸರು ಫ್ರೆಂಚ್ ರಾಕ್ಸ್. ಇಲ್ಲಿ ದಂಡು ಇಳಿದಿದ್ದ ಫ್ರೆಂಚರು ಹೋಗಿ ಎಷ್ಟೋ ಕಾಲವಾಯಿತು. ಬಂಡೆಗಳು ಇಲ್ಲೇ ಇವೆ, ರಜೆಯಿಲ್ಲದೆ ಕಾಯುತ್ತಿವೆ.

ಈ ಕಾವಿನ ಮೇಲೆ ನಮ್ಮೂರಲ್ಲಿ ದಂಡೆತ್ತಿ ಹೋದವರು ಒಬ್ಬರೇ. ಅವರು ನಮ್ಮ ಮಿಡ್ಲ್ ಸ್ಕೂಲಿನ ಹೆಡ್ ಮೇಷ್ಟ್ರು. ಹೋದ ತಿಂಗಳು ತೀರಿಕೊಂಡರು. ಶಾಲೆಯಲ್ಲಿ ಸಂತಾಪ ಸಭೆ ನಡೆಯಿತು. ಅವರ ಶಿಸ್ತಿನ ಬಗ್ಗೆ ಒಬ್ಬರು, ಅವರ ಪೇಟದ ಬಗ್ಗೆ ಒಬ್ಬರು, ಅವರ ಮುತ್ತಿನಂಥ ಅಕ್ಷರದ ಬಗ್ಗೆ ಇನ್ನೊಬ್ಬರು ಮಾತಾಡಿದರು. ಗೋಡೆಯ ವಿಷಯ ಯಾರೂ ಎತ್ತಲಿಲ್ಲ. ನನ್ನನ್ನೂ ಕರೆದರು. ಎದ್ದು ನಿಂತು, "ದೊಡ್ಡವರು" ಎಂದಷ್ಟೇ ಹೇಳಿ ಕೂತುಬಿಟ್ಟೆ. ಹತ್ತು ವರ್ಷ ಅವರ ಕೈಕೆಳಗೆ ಪಾಠ ಹೇಳಿದವನು, ಅವರ ಪಕ್ಕದ ಮನೆಯಲ್ಲೇ ಸಂಸಾರ ಮಾಡಿದವನು ನಾನು. ಅವರ ಮನೆಯ ಪಡುವಣ ಗೋಡೆ ನನ್ನ ಹಿತ್ತಲಿಗೆ ಮುಖ ಮಾಡಿ ನಿಂತಿತ್ತು. ಆದ್ದರಿಂದ ಆ ಗೋಡೆಯ ಚರಿತ್ರೆಗೆ ನಾನೇ ಅಧಿಕೃತ ಸಾಕ್ಷಿ. ಸ್ವಲ್ಪ ಮಟ್ಟಿಗೆ ಆರೋಪಿಯೂ ಹೌದು.

ಎತ್ತರದ ಆಳು. ಕತ್ತಿನವರೆಗೆ ಗುಂಡಿ ಹಾಕಿದ ಕರಿ ಕೋಟು, ಎಂಥ ಬಿಸಿಲಿನಲ್ಲೂ ಒಂದು ಗುಂಡಿ ಬಿಚ್ಚಿದ್ದನ್ನು ನಾನು ಕಾಣೆ. ಏನನ್ನಾದರೂ ತೀರ್ಮಾನಿಸಬೇಕಾಗಿ ಬಂದಾಗ ಆ ಗುಂಡಿಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮುಟ್ಟಿ ಮುಗಿದ ಮೇಲೆ, "ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದರು. ಇದು ಅವರ ಪೇಟೆಂಟು ಮಾತು. ರಜೆ ಕೇಳಿದರೆ ಪರಿಶೀಲನೆಯಲ್ಲಿದೆ, ಮಳೆ ಬರುತ್ತದೆಯೇ ಸಾರ್ ಎಂದರೂ ಪರಿಶೀಲನೆಯಲ್ಲಿದೆ. ಅವರ ಹೆಂಡತಿ ಪುಟ್ಟತಾಯಮ್ಮನವರು ಒಂದು ದಿನ ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಕೇಳಿದ್ದಕ್ಕೂ ಅದೇ ಉತ್ತರ ಬಂತಂತೆ. "ಪರಿಶೀಲ್ನೆ ಮುಗ್ಯೋ ಹೊತ್ಗೆ ತಟ್ಟೆ ಖಾಲಿಯಾಗಿತ್ತು ಕಣಕ್ಕ" ಎಂದು ಆಕೆಯೇ ನನ್ನ ಹೆಂಡತಿಗೆ ಹೇಳಿ ನಕ್ಕಿದ್ದರು.

ಒಂದು ಸಲ ಕೊಡೆ ಕೊಳ್ಳಲು ನನ್ನನ್ನೂ ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋದರು. ಅಂಗಡಿಯಲ್ಲಿದ್ದ ಅಷ್ಟೂ ಕೊಡೆಗಳನ್ನು ಬಿಚ್ಚಿಸಿದರು, ಒಂದೊಂದನ್ನೂ ಹಿಡಿದು ಬೀದಿಗಿಳಿದು ನಿಂತರು, ಕಡ್ಡಿ ಎಣಿಸಿದರು, ಬಟ್ಟೆಯನ್ನು ಬೆಳಕಿಗೆ ಹಿಡಿದರು. ಅಂಗಡಿಯ ಸಾಹೇಬರು ತಾಳ್ಮೆಯಿಂದಲೇ, "ಮೇಷ್ಟ್ರೇ, ಕೊಡೆ ತಗೊಳ್ಳೋದಾ, ಕೊಡೇಗೆ ಪರೀಕ್ಷೆ ಮಡಗಿದ್ದೀರಾ?" ಎಂದರು. ಆ ದಿನ ಯಾವ ಕೊಡೆಯೂ ಪಾಸಾಗಲಿಲ್ಲ. ದಾರಿಯಲ್ಲಿ ಮಳೆ ಹಿಡಿಯಿತು. ನಾವಿಬ್ಬರೂ ಕೊಡೆಗಳ ಬಗ್ಗೆ ತಿಳಿಯಬೇಕಾದ್ದನ್ನೆಲ್ಲ ತಿಳಿದುಕೊಂಡು, ನೆನೆದುಕೊಂಡು ಮನೆಗೆ ಬಂದೆವು.

ಅವರಿಗೆ ಎರಡು ನಾಲಿಗೆಯಿತ್ತು. ಸುಳ್ಳು ಹೇಳುವವರ ಎರಡು ನಾಲಿಗೆಯಲ್ಲ. ಶಾಲೆಯಲ್ಲಿ ಅಚ್ಚಿನಿಂದ ಆಗತಾನೆ ಇಳಿದ ಕನ್ನಡ. ಮನೆಯ ಹೊಸಿಲು ದಾಟಿ ಸೋದರತ್ತೆಯ ಮುಂದೆ ನಿಂತರೆ ಹುಟ್ಟೂರು ಹೊಣಕೆರೆಯ ಹೊಲದ ಕನ್ನಡ. ಈ ಅತ್ತೆ ಅವರ ತಂದೆಯ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಾಯಿಯಿಲ್ಲದ ಹಸುಗೂಸನ್ನು ಎತ್ತಿಕೊಂಡು ಸಾಕಿ, ರಾಗಿ ಬೀಸಿ, ಎತ್ತು ಹೂಡಿಸಿ, ಆ ಒಕ್ಕಲು ಮನೆತನದಲ್ಲಿ ಮೊದಲ ಬಾರಿಗೆ ಒಬ್ಬನನ್ನು ಓದಿಸಿದವರು. ಇನ್ಸ್‌ಪೆಕ್ಟರು ಬಂದರೂ ಬಗ್ಗದ ಮೇಷ್ಟ್ರು ಆಕೆಯ ಮುಂದೆ, "ಊ ಕಣತ್ತೆ", "ಆಯ್ತು ಕಣತ್ತೆ" ಎರಡನ್ನು ಬಿಟ್ಟು ಮೂರನೆಯ ಮಾತನ್ನಾಡಿದ್ದು ನನಗೆ ಗೊತ್ತಿರಲಿಲ್ಲ.

ಪುಟ್ಟತಾಯಮ್ಮನವರಿಗೆ ಈ ಗೋಡೆಯ ಕತೆಗೆ ಮೊದಲು ಎರಡು ಮಕ್ಕಳಾಗಿದ್ದವು, ಎರಡೂ ತವರೂರು ಅರಕೆರೆಯಲ್ಲಿ. ಮೊದಲನೆಯದು ಪುಷ್ಯ ಮಾಸದಲ್ಲಿ ಹುಟ್ಟಿ, ಗಂಟಲಲ್ಲಿ ಕಫ ಕಟ್ಟಿ, ನಾಲ್ಕನೆಯ ದಿನ ಹೋಯಿತು. ಎರಡನೆಯದು ನಡುಬೇಸಗೆಯಲ್ಲಿ ಹುಟ್ಟಿ, ಪುರುಡು ಕಳೆದ ಮೇಲೆ, ಜ್ವರದಲ್ಲಿ ಮೈ ಸುಟ್ಟು ಹೋಯಿತು. ಮೊದಲನೆಯದು ಹೋಗುವಾಗ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದ ಅತ್ತೆಯ ಮಡಿಲಲ್ಲಿತ್ತು. ಎರಡನೆಯದು ಹೋಗುವಾಗ ನೋಡಲು ಹೋಗಿದ್ದ ಮೇಷ್ಟ್ರ ಕೈಯಲ್ಲಿತ್ತು. ಹೀಗಾಗಿ ಒಂದೇ ಮನೆಯಲ್ಲಿದ್ದ ಇಬ್ಬರಲ್ಲಿ ಒಬ್ಬರು ಗಾಳಿಗೆ ಹೆದರುತ್ತಿದ್ದರು, ಇನ್ನೊಬ್ಬರು ಕಾವಿಗೆ. ಈ ವಿಷಯವನ್ನು ಅವರು ತಮ್ಮೊಳಗೆ ಎಂದೂ ಮಾತಾಡಿಕೊಂಡವರಲ್ಲ. ಬಾಣಂತಿ ಕೋಣೆಯ ಮಾತು ಹೆಂಗಸರದು, ಗಂಡಸು ಅದರಲ್ಲಿ ಬಾಯಿ ಹಾಕಿದರೆ ಅವನ ಮೀಸೆಗೆ ಮರ್ಯಾದೆಯಲ್ಲ ಎಂಬುದು ನಮ್ಮ ಕಡೆಯ ಕಾನೂನು. ಬರೆದಿಟ್ಟಿಲ್ಲವಾದ್ದರಿಂದ ತಿದ್ದುಪಡಿಯೂ ಇಲ್ಲ.

ಮೂರನೆಯ ಸಲ ಆಕೆ ಅರಕೆರೆಗೆ ಹೋಗಲೊಲ್ಲೆ ಎಂದರು. ಹೆರಿಗೆ ಹಿರೋಡೆಯಲ್ಲೇ, ಯುಗಾದಿ ಕಳೆದ ಮೇಲೆ. ಅವರ ಮನೆಯಲ್ಲಿ ಇದ್ದದ್ದು ನಡುಮನೆ, ಅಡುಗೆಮನೆ, ಮತ್ತು ಪಡುವಲ ಕೋಣೆ. ನಡುಮನೆಯಲ್ಲಿ ದೇವರು, ಅಡುಗೆಮನೆಯಲ್ಲಿ ಒಲೆ. ಪುರುಡಿನ ಮೈಲಿಗೆಗೆ ಉಳಿದದ್ದು ಪಡುವಲ ಕೋಣೆಯೊಂದೇ. ಅದರ ಗೋಡೆಗೆ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೂ ಬಿಸಿಲು.

ಮಾಘದಲ್ಲೇ ಮೇಷ್ಟ್ರು ಕೋಟಿನ ಗುಂಡಿ ಮುಟ್ಟಿಕೊಳ್ಳಲು ಶುರು ಮಾಡಿದರು. ಗೋಡೆಗೆ ಏನಾದರೂ ಹೊದಿಸಬೇಕು. ಏನು ಹೊದಿಸಬೇಕು? ಭತ್ತದ ಹೊಟ್ಟೋ, ಹುಲ್ಲೋ, ಬೂದಿಯೋ, ತೆಂಗಿನ ನಾರೋ, ಬರೀ ಮಣ್ಣಿನ ದಪ್ಪ ಮೆತ್ತೋ? ಗೋಡೆಯ ಹೊರಮೈಗೆ ಸಾಲಾಗಿ ಐದು ತಡಿಕೆ ಕಟ್ಟಿಸಿ, ಒಂದೊಂದರ ಹಿಂದೆ ಒಂದೊಂದನ್ನು ತುಂಬಿಸಿದರು. ಒಳಗಡೆ ಅದರದರ ನೇರಕ್ಕೆ ನೆಲ್ಲಿಕಾಯಿ ಗಾತ್ರದ ಬೆಣ್ಣೆಯುಂಡೆ ಅಂಟಿಸಿದರು. ಯಾವುದು ಕೊನೆಗೆ ಕರಗುತ್ತದೋ ಅದು ಗೆದ್ದಂತೆ. ಭಾನುವಾರ ಮಧ್ಯಾಹ್ನ ಗಡಿಯಾರ ಹಿಡಿದು, ಕೋಟಿನ ಸಮೇತ, ಆ ಕೋಣೆಯಲ್ಲಿ ಕೂತರು. ನಾನು ಬರೆದುಕೊಳ್ಳಬೇಕು. ಮೇಲಧಿಕಾರಿ ಕರೆದರೆ ಇಲ್ಲವೆನ್ನಲು ಬರುತ್ತದೆಯೇ? ಮಣ್ಣಿನ ಹಿಂದಿನ ಬೆಣ್ಣೆಗಿಂತ ಮೊದಲು ನಾನು ಕರಗಿದೆ.

ಅಷ್ಟರಲ್ಲಿ ಅತ್ತೆ ಒಳಗೆ ಬಂದು ನೋಡಿದರು.

"ಇದೇನ್ಲಾ ಮಗ, ಗ್ವಾಡೇನ ಅನ್ಮಂತ್ರಾಯ ಅಂದ್ಕಂಡಿದ್ದೀಯಾ, ಬೆಣ್ಣೆ ಅಲಂಕಾರ ಮಾಡಿದ್ದೀಯಲ್ಲ!"

"ಪರೀಕ್ಷೆ, ಅಮ್ಮ" ಎಂದೆ ನಾನು. "ಊ ಕಣತ್ತೆ" ಎಂದರು ಮೇಷ್ಟ್ರು.

"ಇಸ್ಕೂಲ್ನಾಗೆ ಐಕ್ಳಿಗೆ ಮಾಡಾದು ಸಾಲ್ದು ಅಂತ ಬೆಣ್ಣೇಗೂ ತಂದ್ಯಾ ಪರೀಕ್ಸೇಯ?" ಎಂದು ಗೊಣಗಿಕೊಂಡು ಹೋದರು.

ಮಣ್ಣು ಮೊದಲು ಸೋತಿತು, ಆಮೇಲೆ ಬೂದಿ. ಹುಲ್ಲು, ನಾರು, ಹೊಟ್ಟು ಮೂರೂ ಗಟ್ಟಿಯಾಗಿ ನಿಂತಿದ್ದವು. ನಾವು ನೀರು ಕುಡಿಯಲು ಹೊರಗೆ ಹೋಗಿ ಬರುವಷ್ಟರಲ್ಲಿ ಮನೆಯ ಬೆಕ್ಕು ಮೂರನ್ನೂ ಸಮಾನವಾಗಿ ಪುರಸ್ಕರಿಸಿತ್ತು.

ತೀರ್ಪಿಗೆ ಗಾರೆ ಕೆಲಸದ ಸಿದ್ದಯ್ಯನನ್ನು ಕರೆಸಿದರು. ಅವನು ಗೋಡೆಯನ್ನು ಅಂಗೈಯಿಂದ ಒಮ್ಮೆ ತಟ್ಟಿ, ಎಮ್ಮೆಯ ಬೆನ್ನು ತಟ್ಟಿದ ಹಾಗೆ, ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತ.

"ಉಲ್ಲು ಬ್ಯಾಡಿ ಬುದ್ಧಿ, ಗೆದ್ದಲು ಬತ್ತದೆ. ನಾರು ಬ್ಯಾಡಿ, ಇಲಿ ಮರಿ ಆಕ್ತದೆ. ನನ್ ಮಾತ್ ಕೇಳಿ, ಇತ್ಲಾಗೆ ನಾಕು ಗಳ ನೆಟ್ಟು ತೆಂಗಿನ ಗರಿ ಒದಿಸ್ಬುಡಿ. ಬಿಸ್ಲು ಗ್ವಾಡೆ ಮುಟ್ಟಾಕೇ ಇಲ್ಲ."

"ಸಿದ್ದಯ್ಯ, ಅದು ಕೇವಲ ತಾತ್ಕಾಲಿಕ ಪರಿಹಾರ."

"ಬಿಸ್ಲೂವೆ ಅಂಗೇ ಅಲ್ವಾ ಬುದ್ಧಿ. ಮಳೆ ಬಂದ್ರೆ ಓಯ್ತದೆ."

ಮೇಷ್ಟ್ರು ಗುಂಡಿ ಮುಟ್ಟಿಕೊಳ್ಳುತ್ತ ನನ್ನ ಕಡೆ ತಿರುಗಿ, "ತಮ್ಮ ಅಭಿಪ್ರಾಯ?" ಎಂದರು. ಇಲ್ಲಿ ನಾನು ಆರೋಪಿಯಾಗುವ ಭಾಗ ಬರುತ್ತದೆ. ಆ ನಾಲ್ಕು ಗಳಗಳು ಊರಬೇಕಾದ ಜಾಗ ನನ್ನ ಹಿತ್ತಲು. ಅಲ್ಲಿ ಆಗತಾನೆ ದಂಟಿನ ಸೊಪ್ಪು ಎರಡೆಲೆ ಬಿಟ್ಟು ಏಳುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, "ಹೊಟ್ಟೇ ಶಾಸ್ತ್ರೀಯವಾದದ್ದು, ಸಾರ್. ಬೂದಿ ಬೆರೆಸಿದರೆ ಹುಳು ಹಿಡಿಯುವುದಿಲ್ಲ" ಎಂದೆ. ಹೊಸ ಕಾಲುವೆಯ ನೀರು ಬಂದ ಮೇಲೆ ಸುತ್ತಲೂ ಭತ್ತವೇ ಭತ್ತ, ಅಕ್ಕಿ ಗಿರಣಿಯ ಹಿಂದೆ ಹೊಟ್ಟಿನ ಗುಡ್ಡವೇ ಬಿದ್ದಿತ್ತು. ಹೊಟ್ಟು ಗೆದ್ದಿತು. ಸೊಪ್ಪೂ ಉಳಿಯಿತು.

ಹಳೆಯ ಗೋಡೆಗೆ ಒಂದು ಗೇಣು ಬಿಟ್ಟು ಒಳಗಡೆ ಹಸಿ ಇಟ್ಟಿಗೆಯ ಇನ್ನೊಂದು ಗೋಡೆ ಎದ್ದಿತು. ನಡುವಿನ ಸಂದಿಗೆ ಮೂಟೆ ಮೂಟೆ ಹೊಟ್ಟು. ಕೋಣೆ ಒಂದು ಮೊಳ ಒಳಕ್ಕೆ ಸರಿಯಿತು, ಮಂಚದ ಪಕ್ಕದಲ್ಲಿ ಓಡಾಡಬೇಕಾದರೆ ಅಡ್ಡಡ್ಡ ನಡೆಯಬೇಕು. ಇದ್ದ ಒಂದೇ ಕಿಟಕಿಯ ಸರದಿ ಬಂದಾಗ ಸಿದ್ದಯ್ಯ ಕರಣೆ ಕೆಳಗಿಟ್ಟ.

"ಇದ್ನ ಏನ್ ಮಾಡ್ಲಿ ಬುದ್ಧಿ? ಮುಚ್ಚುದ್ರೆ ಕ್ವಾಣೆ ಉಸ್ರು ಕಟ್ತದೆ."

"ಕಿಟಕಿಯಿದ್ದರೆ ಹೊಟ್ಟು ನಿಲ್ಲುವುದಿಲ್ಲ. ಗೋಡೆ ಅಪೂರ್ಣವಾಗುತ್ತದೆ" ಎಂದರು ಮೇಷ್ಟ್ರು.

ಬಾಗಿಲಲ್ಲಿ ನಿಂತಿದ್ದ ಅತ್ತೆ, ನನಗೆ ತಿಳಿದ ಮಟ್ಟಿಗೆ ಮೊದಲನೆಯ ಸಲ, ಸೋದರಳಿಯನನ್ನು ಹೊಗಳಿದರು. "ಮುಚ್ಚಿಸ್ಲಾ ಮಗ, ಮುಚ್ಚಿಸು. ಓದಿದ್ದುಕ್ಕೂ ಒಂದ್ ಬುದ್ಧಿ ಕೆಲ್ಸ ಮಾಡ್ದೆ."

ಮೇಷ್ಟ್ರ ಮುಖ ಅರಳಿದ್ದನ್ನು ನೋಡಬೇಕಿತ್ತು. ನಲವತ್ತು ದಾಟಿದ ಮನುಷ್ಯ, ಬಹುಮಾನ ಬಂದ ಹುಡುಗನ ಹಾಗೆ ನೆಲ ನೋಡಿದರು. ಅತ್ತೆ ತನ್ನ ಶಾಸ್ತ್ರವನ್ನು ಒಪ್ಪಿದರೆಂದು ಅವರು ತಿಳಿದರು. ಸೊಸೆಯ ಕೋಣೆಗೆ ಒಂದೆಳೆ ಗಾಳಿ ಬಾರದಂತೆ, ಬಾಣಂತಿಗೆ ಇಡುವ ಕೆಂಡದ ಕಾವು ಒಂದಿಷ್ಟೂ ಸೋರದಂತೆ ಹುಡುಗ ಏರ್ಪಾಟು ಮಾಡಿದನೆಂದು ಅತ್ತೆ ತಿಳಿದರು. ಯಾತಕ್ಕೆ ಎಂದು ಇವರು ಹೇಳಲಿಲ್ಲ, ಅವರು ಕೇಳಲಿಲ್ಲ. ನನಗೆ ಆ ಕ್ಷಣದಲ್ಲೇ ಏನೋ ಸರಿಯಿಲ್ಲವೆನಿಸಿತು. ಹೇಳಿದರೆ ಗಳ ನನ್ನ ಹಿತ್ತಲಿಗೆ ಬರುತ್ತದೆಂಬುದೂ ನೆನಪಾಯಿತು.

ಹೆರಿಗೆಯಾಯಿತು. ಹೆಣ್ಣು ಕೂಸು. ಆ ದಿನ ಕೋಣೆ ನಿಜವಾಗಿಯೂ ತಂಪಾಗಿತ್ತಂತೆ. ಮೇಷ್ಟ್ರು ಶಾಲೆಗೆ ಬಂದು, ಭೂಗೋಳದ ಪಾಠ ಬಿಟ್ಟು, ಶಾಖವು ಯಾವ ವಸ್ತುವಿನಲ್ಲಿ ಹಾಯುವುದಿಲ್ಲ ಎಂಬುದನ್ನು ಒಂದು ಗಂಟೆ ಹೇಳಿದರು. ಮಾರನೆಯ ದಿನ ಅತ್ತೆ ಮಂಚದ ಕೆಳಗೆ ಕೆಂಡದ ಮಡಕೆ ಇಟ್ಟರು. ಬಾಣಂತಿಗೆ ಕುದಿನೀರಿನ ಸ್ನಾನ, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ, ಕೂಸಿಗೆ ಸಾಂಬ್ರಾಣಿ ಹೊಗೆ. ಕುಡಿಯಲು ಒಂದು ಗುಟುಕು ಬಿಸಿನೀರು, ಅದೂ ದಿನಕ್ಕೆ ಎರಡು ಸಲ, ಹೆಚ್ಚು ಕುಡಿದರೆ ಮೈ ಊದುತ್ತದೆಂದು. ಇದು ಎಲ್ಲ ಮನೆಗಳಲ್ಲೂ ನಡೆಯುವುದೇ. ಎಲ್ಲ ಮನೆಗಳ ಗೋಡೆಗಳಲ್ಲೂ ಬಿರುಕಿರುತ್ತದೆ, ಕಿಟಕಿಯಿರುತ್ತದೆ, ಸೂರಿನ ಸಂದಿಯಿರುತ್ತದೆ. ಶಾಸ್ತ್ರೋಕ್ತವಾಗಿ ಹೊಟ್ಟು ತುಂಬಿದ ಗೋಡೆ ನಮ್ಮ ಮೇಷ್ಟ್ರ ಮನೆಯಲ್ಲಿ ಮಾತ್ರ ಇತ್ತು. ಹೊರಗಿನ ಕಾವನ್ನು ಒಳಕ್ಕೆ ಬಿಡದ ಗೋಡೆ ಒಳಗಿನದನ್ನು ಹೊರಕ್ಕೂ ಬಿಡುವುದಿಲ್ಲವೆಂಬುದು ಆ ಒಂದು ಗಂಟೆಯ ಪಾಠದಲ್ಲಿ ಬಂದಿರಲಿಲ್ಲ.

ನನ್ನ ಹೆಂಡತಿ ಕೂಸು ನೋಡಲು ಹೋದವಳು ಮಳೆಯಲ್ಲಿ ನೆನೆದವಳಂತೆ ಬಂದಳು. "ಅದು ಕೋಣೆಯಲ್ಲ ಕಣ್ರೀ, ಇಟ್ಟಿಗೆ ಸುಡೋ ಗೂಡು" ಎಂದಳು.

ಗಂಡಸರು ಪುರುಡಿನ ಹೊಸಿಲು ತುಳಿಯುವಂತಿಲ್ಲ. ಆಸ್ಪತ್ರೆಯ ಡಾಕ್ಟರೂ ಗಂಡಸೇ. ಮೇಷ್ಟ್ರು ಬಾಗಿಲಿನಿಂದ ನಾಲ್ಕು ಮೊಳ ದೂರದಲ್ಲಿ ನಿಂತು ಮಾತಾಡಿಸುತ್ತಿದ್ದರು.

"ಎಂಗಿದ್ದೀಯೇ?"

"ನಿಮ್ ಗೋಡೆ ಪಸಂದಾಗದೆ" ಎಂದಿತು ಒಳಗಿನ ಧ್ವನಿ. "ಬಿಸ್ಲು ಒಳಕ್ಕೆ ಬರಾಕಿಲ್ಲ. ನಾನು ಆಚ್ಗೆ ಬರಾಕಿಲ್ಲ. ಒಂದ್ ಚೊಂಬು ನೀರು ಕೊಡಿ ಅಂದ್ರೆ ಅದೂ ಒಳಕ್ಕೆ ಬರಾಕಿಲ್ಲ."

ಅವರು ಅಂದು ಧೈರ್ಯ ಮಾಡಿ ಅತ್ತೆಯ ಮುಂದೆ ಮೂರನೆಯ ಮಾತಾಡಿದರು. "ಅತ್ತೆ, ಕೆಂಡ ವಸಿ ಕಮ್ಮಿ ಮಾಡುದ್ರೆ ಎಂಗೆ?"

"ನೀನು ಎಷ್ಟು ಕೂಸು ಎತ್ತಿದ್ದೀಯ್ಲಾ?" ಎಂದರು ಅತ್ತೆ. ರೇಗಿರಲಿಲ್ಲ, ಅದೇ ಕಷ್ಟವಾದದ್ದು. "ನೀನು ಕೂಸಾಗಿದ್ದಾಗ್ಲೂ ಕೆಂಡ ಇತ್ತು, ಸತ್ತೋದ್ಯಾ? ಮೊದಲ್ನೇದು ನನ್ನ ಮಡ್ಲಲ್ಲೇ ತಣ್ಣಗಾಗೋಯ್ತು ಕಣ್ಲಾ. ಕಾಲು ಉಜ್ಜುದೆ, ಕೈ ಉಜ್ಜುದೆ, ಬಿಸಿ ಆಗ್ಲೇ ಇಲ್ಲ. ಇನ್ನೊಂದು ಅಂಗಾಗಾಕೆ ನಾನು ಬುಡಾಕಿಲ್ಲ."

"ಆಯ್ತು ಕಣತ್ತೆ" ಎಂದರು ಮೇಷ್ಟ್ರು.

ಆಮೇಲಿನ ಮೂರು ದಿನ ಅವರನ್ನು ನೋಡಲಾಗುತ್ತಿರಲಿಲ್ಲ. ನನ್ನ ಹಿತ್ತಲಿಗೆ ಬಂದು, ತಾವೇ ಮುಚ್ಚಿಸಿದ ಕಿಟಕಿಯ ಜಾಗಕ್ಕೆ ಅಂಗೈ ಊರಿ ನಿಲ್ಲುತ್ತಿದ್ದರು. ಒಳಗೆ ಎಷ್ಟು ಕಾವಿದೆಯೋ ತಿಳಿಯುವುದು ಹೇಗೆ? ಗೋಡೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು. ನಾನು ಸಮಾಧಾನಕ್ಕೆ ಏನಾದರೂ ಹೇಳಿದರೆ ಕೇಳಿಸದವರಂತೆ ಗುಂಡಿಗಳನ್ನು ಎಣಿಸುತ್ತಿದ್ದರು, ಕೊನೆಯದನ್ನು ಮುಟ್ಟಿ ಮತ್ತೆ ಮೊದಲಿನಿಂದ.

ಆರನೆಯ ದಿನ ಮಧ್ಯಾಹ್ನ ಇಬ್ಬರೂ ಊಟದ ಬಿಡುವಿಗೆ ಶಾಲೆಯಿಂದ ಬಂದಿದ್ದೆವು. ನಾನು ಅವರ ಜಗಲಿಯ ಮೇಲಿದ್ದೆ. ಅವರು ಒಳಗೆ ಹೋಗಿ ಆ ನಾಲ್ಕು ಮೊಳ ದೂರದಲ್ಲಿ ನಿಂತಿದ್ದು ಕಾಣಿಸುತ್ತಿತ್ತು. ಕೋಣೆಯಿಂದ ಪುಟ್ಟತಾಯಮ್ಮನವರ ಧ್ವನಿ ಬಂತು, ಈ ಸಲ ತಮಾಷೆಯಿರಲಿಲ್ಲ.

"ಏನ್ರೀ. ಕೂಸು ಅಳಾದು ನಿಲ್ಲಿಸ್ತು. ಬೆಳಗ್ಗಿಂದ ಹಾಲು ಕಚ್ಚಿಲ್ಲ. ಮೈಯೆಲ್ಲ ಬೊಬ್ಬೆ ಎದ್ದದೆ."

ಬಾಗಿಲಿಗೆ ಅಡ್ಡಲಾಗಿ ಅತ್ತೆ ಕೂತಿದ್ದರು. "ಅಳು ನಿಂತ್ರೆ ಒಳ್ಳೇದು ಕಣೆ, ಮಲಗ್ತದೆ" ಎಂದರು.

ಮೇಷ್ಟ್ರು ಹೊರಗೆ ಬಂದರು. ಬೀದಿಯ ಆಚೆ ಕೆಲಸದಲ್ಲಿದ್ದ ಸಿದ್ದಯ್ಯನನ್ನು ಕೂಗಿ, ಕಿಟಕಿ ಒಡೆಯಬೇಕೆಂದರು. ಅವನು ಕೈ ಮುಗಿದ. "ಪುರುಡಿನ ಗ್ವಾಡೆಗೆ ಆರೆ ಆಕಾಕಿಲ್ಲ ಬುದ್ಧಿ, ಮನೇಗೆ ಆಗ್ಬರಾಕಿಲ್ಲ. ಅನ್ನೊಂದು ದಿನ ಕಳೀಲಿ." ಮೇಷ್ಟ್ರು ಅವನನ್ನು ಒತ್ತಾಯಿಸಲಿಲ್ಲ. ನೇರವಾಗಿ ನನ್ನ ಹಿತ್ತಲಿಗೆ ಹೋದರು, ಹಿಂದೆಯೇ ನಾನು. ಮೂಲೆಗೆ ಒರಗಿಸಿದ್ದ ನನ್ನ ಹಾರೆಯನ್ನು ತೆಗೆದುಕೊಂಡು, ದಂಟಿನ ಮಡಿಯ ನಡುವೆಯೇ ನಡೆದು, ಗೋಡೆಯ ಮುಂದೆ ನಿಂತರು. ಗುಂಡಿ ಮುಟ್ಟಿಕೊಳ್ಳಲಿಲ್ಲ.

"ಮೂಡ್ಲ ಮೂಲ್ಗೋಗೇ!" ಎಂದು ಕೂಗಿದರು. "ಕೂಸ್ನ ಎತ್ಕಂಡು ಮೂಡ್ಲ ಮೂಲ್ಗೋಗು! ಗ್ವಾಡೆ ಒಡೀತೀನಿ!"

ಆ ಕನ್ನಡವನ್ನು ಅವರು ಬಯಲಲ್ಲಿ ಆಡಿದ್ದು ಅದೊಂದೇ ಸಲ. ಒಳಗಿನಿಂದ ಅತ್ತೆಯ ಕೂಗು ಕೇಳಿತು: "ಬ್ಯಾಡ ಕಣ್ಲಾ! ಗಾಳಿ ಬತ್ತದೆ ಕಣ್ಲಾ!" ಮೊದಲ ಏಟಿಗೆ ಸಿದ್ದಯ್ಯನ ಗಾರೆ ಜಗ್ಗಲಿಲ್ಲ. ಒಳ್ಳೆಯ ಕೆಲಸಗಾರ. ಆರೇಳು ಏಟಿಗೆ ಕಿಟಕಿಗೆ ತುಂಬಿದ್ದ ಇಟ್ಟಿಗೆ ಸಡಿಲವಾಗಿ, ಒಂದು ಬಿದ್ದು, ಅದರ ಹಿಂದೆಯೇ ಹೊಟ್ಟು ಸುರಿಯತೊಡಗಿತು. ಅದು ನಿಲ್ಲುವುದೆಂದು ನಾವು ಕಾದೆವು, ಅದು ನಿಲ್ಲಲಿಲ್ಲ. ಮೇಷ್ಟ್ರ ಮೊಣಕಾಲು ಮುಚ್ಚಿತು, ಕರಿ ಕೋಟು ಹೊಂಬಣ್ಣಕ್ಕೆ ತಿರುಗಿತು, ಬೂದಿ ಕಣ್ಣಿಗೆ ತುಂಬಿತು. ಅದುವರೆಗೆ ಮರದ ಹಾಗೆ ನಿಂತಿದ್ದ ನಾನು ಕೆಳಗೆ ಕೂತು ಎರಡೂ ಕೈಯಿಂದ ಹೊಟ್ಟು ಎಳೆದು ಹಿಂದಕ್ಕೆ ತಳ್ಳಿದೆ. ಸೊಪ್ಪಿನ ಮೇಲೇ ತಳ್ಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಒಳಗೋಡೆಗೆ ಹಾರೆ ಹಾಕಿದರು.

ತೂತು ಬಿದ್ದಾಗ ಅದರಿಂದ ಬಂದ ಉಸಿರು ನನ್ನ ಮುಖಕ್ಕೆ ಬಡಿಯಿತು. ಏಪ್ರಿಲ್ ತಿಂಗಳ ಹಿರೋಡೆಯ ಮಧ್ಯಾಹ್ನದಲ್ಲಿ ನಿಂತವನಿಗೆ ಅದು ಬಿಸಿಯೆನಿಸಿತು. ಆಮೇಲೆ ಅದೇ ತೂತಿನಿಂದ ಬಳೆ ತೊಟ್ಟ ಒಂದು ಕೈ ಹೊರಗೆ ಬಂತು. ಕೈಯಲ್ಲಿ ಖಾಲಿ ಚೊಂಬು.

ಮೇಷ್ಟ್ರು ನನ್ನ ತೊಟ್ಟಿಯಿಂದ ಅದ್ದಿ ಕೊಟ್ಟರು. ಖಾಲಿಯಾಗಿ ಬಂತು, ಮತ್ತೆ ಕೊಟ್ಟರು. ಮೂರನೆಯದನ್ನು ಆಕೆ ಕೂಸಿನ ಮೈ ಒರೆಸಲೆಂದು ಇಸಿದುಕೊಂಡರು. ನಾಲ್ಕನೆಯದಕ್ಕೆ ಕೈ ಬರುವುದು ತಡವಾಯಿತು. ಅಷ್ಟು ಹೊತ್ತೂ ಮೇಷ್ಟ್ರು ತೂತಿಗೆ ಕಿವಿಯಿಟ್ಟು ನಿಂತಿದ್ದರು. ಒಳಗೆ ಮೊದಲು ಅತ್ತೆ ಕೆಂಡದ ಮಡಕೆ ಎತ್ತಿಕೊಂಡು ಹೋದ ಸದ್ದಾಯಿತು, ಬಹಳ ಹೊತ್ತಿನ ಮೇಲೆ, ಬೆಕ್ಕಿನ ಮರಿಯದಕ್ಕಿಂತ ಸಣ್ಣದಾಗಿ, ಒಂದು ಅಳು.

ಸಂಜೆ ಸಿದ್ದಯ್ಯ ಯಾರೂ ಕರೆಯದೆ ಬಂದು ಗಳ ನೆಟ್ಟು ಗರಿ ಹೊದಿಸಿ ಹೋದ.

ಕೂಸು ನಾಲ್ಕು ದಿನ ಜ್ವರದಲ್ಲಿದ್ದು ಉಳಿಯಿತು. ಅತ್ತೆ ಹನ್ನೊಂದನೆಯ ದಿನದ ನೀರು ಹಾಕಿಸಿ, ಕೂಸಿಗೆ ದೃಷ್ಟಿ ತೆಗೆದು, ಗಾಡಿ ಕಟ್ಟಿಸಿಕೊಂಡು ಹೊಣಕೆರೆಗೆ ಹೋದರು. ಮೇಷ್ಟ್ರು ದಸರೆಯ ರಜೆಗೂ ಬೇಸಗೆಯ ರಜೆಗೂ ಅಲ್ಲಿಗೆ ಹೋಗಿ ಜಗಲಿಯ ಮೇಲೆ ಕೂತು ಬರುತ್ತಿದ್ದರು. ಅತ್ತೆ ಇನ್ನೂ ನಾಲ್ಕು ವರ್ಷ ಬದುಕಿದ್ದರು. ಪ್ರತಿ ಸಲವೂ ಊಟಕ್ಕೆ ಬಡಿಸಿದರು, ಮಾತಾಡಲಿಲ್ಲ.